ಪಾವಿಯಾ ಕೊಂಡ ಕಾಫಿ

ಅಂಗಡಿಯಲ್ಲಿ ಉಳಿದಿದ್ದ ಕಾಫಿಯನ್ನೆಲ್ಲ ಪಾವಿಯಾ ಒಬ್ಬನೇ ಕೊಂಡು ಹಿಮದಲ್ಲಿ ಜಾರುವ ನಾಯಿಬಂಡಿಗೆ ಹೇರಿದ. ಮೇಲೊಂದು ಹೊದಿಕೆ ಹಾಕಬೇಕಿತ್ತು, ಹಾಕಲಿಲ್ಲ. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಹೋದ ವಸಂತದ ಸೀಲ್ ಬೇಟೆಯಲ್ಲಿ, ಮಂಜುಗಡ್ಡೆಯ ಅಂಚಿನ ಬಿಡಾರದಲ್ಲಿ ಅವನ ಕಾಫಿ ಮುಗಿದುಹೋಗಿತ್ತು. ದಿನಾ ಬೆಳಗ್ಗೆ ಲೋಟ ಹಿಡಿದು ಭಾವಮೈದ ಎನೊಕ್‌ನ ಡೇರೆಯ ಮುಂದೆ ನಿಲ್ಲಬೇಕಾಯಿತು. "ಬಾ ಭಾವ, ಭಿಕ್ಷೆಗೆ ಬಂದ್ಯಾ?" ಎಂದು ಎನೊಕ್ ಎಲ್ಲರೆದುರು ನಗುತ್ತಿದ್ದ. ಆ ಮಾತು ಚಳಿಗಾಲವಿಡೀ ಊರಲ್ಲಿ ಓಡಾಡಿತು. ಈ ಸಲ ಹಾಗಾಗಕೂಡದು. ಹಿಟ್ಟು, ಸಕ್ಕರೆ, ಸೀಮೆಎಣ್ಣೆ, ಒಣಮೀನು ಎಲ್ಲ ಕಟ್ಟಿಟ್ಟಾಗಿತ್ತು. ನಾಳೆ ಹೆಂಡತಿಯೊಂದಿಗೆ ಹೊರಡುವುದು. ಹೆಪ್ಪುಗಟ್ಟಿದ ಕಡಲು ಕರಗಿ ಹಡಗು ಬರುವವರೆಗೆ ಕಾಫಿಯ ದೊರೆ ತಾನೇ.

"ಇಷ್ಟೊಂದು ಕಾಫಿ ಯಾಕಪ್ಪಾ?" ಎಂದು ಅಂಗಡಿಯ ತಬೀಥಾ ಕೇಳಿದಾಗ ಪಾವಿಯಾ ಮೀಸೆಯಡಿ ನಕ್ಕು ದುಡ್ಡು ಎಣಿಸಿದ. ಹೇಳಿದರೆ ಎನೊಕ್‌ನ ಕಿವಿಗೆ ಬೀಳುತ್ತದಲ್ಲ!

ಆದರೆ ಅಷ್ಟು ಕಾಫಿ ಕೊಂಡವರ ಮನೆಯಲ್ಲಿ ಕಾಫಿಮಿಕ್ ಕೂಟ ಇದೆಯೆಂದೇ ಲೆಕ್ಕ. ಒಳ್ಳೆಯ ಸುದ್ದಿಯಿದ್ದ ಮನೆಗೆ ಊರಿಗೂರೇ ನುಗ್ಗಿ ಕಾಫಿ ಕುಡಿಯುತ್ತದೆ. ಕರೆಯೋಲೆಯ ಗೊಡವೆಯಿಲ್ಲ.

ಮೊದಲು ಬಂದವಳು ಪಕ್ಕದ ಮನೆಯ ಜುಡಿಥಾ ಅಜ್ಜಿ. ಒಂದು ಪೊಟ್ಟಣವನ್ನು ಮೂಲೆಗಿಟ್ಟು ಕುಕ್ಕರಿಸಿದಳು.

"ಪಕ್ಕದ ಮನೆಯವಳಿಗೇ ಹೇಳ್ಲಿಲ್ವಲ್ಲೋ! ಕಾಫಿ ಇಡು ಮೊದ್ಲು."

"ಅಜ್ಜಿ, ಇವತ್ತು ಅಂಥಾದ್ದೇನೂ ಇಲ್ಲ..."

"ಗೊತ್ತು ಬಿಡೋ, ಗಂಡಸ್ರಿಗೆ ಸಂಕೋಚ!"

ಮನೆಗೆ ಬಂದವರಿಗೆ ಕಾಫಿ ಇಲ್ಲವೆಂದರೆ ಊರಲ್ಲಿ ಮುಖ ತೋರಿಸುವ ಹಾಗಿಲ್ಲ. ಪಾವಿಯಾ ಹಲ್ಲು ಕಚ್ಚಿ ಒಂದು ಪ್ಯಾಕೆಟ್ ಒಡೆದ. ಅಷ್ಟರಲ್ಲಿ ಮೀನುಗಾರರು ಬಂದರು, ಚರ್ಚಿನ ಹಾಡುಗಾರ್ತಿಯರು ಬಂದರು. ಬಾಗಿಲಲ್ಲಿ ಕಳಚಿಟ್ಟ ಬೂಟುಗಳು ಬಿಸಿಲು ಕಾಯುವ ಸೀಲುಗಳಂತೆ ಒಂದರ ಮೇಲೊಂದು ಬಿದ್ದುಕೊಂಡವು. ಎಲ್ಲರ ಕೈಯಲ್ಲೂ ಒಂದೊಂದು ಪೊಟ್ಟಣ.

"ಭೇಷ್ ಪಾವಿಯಾ, ಈ ವಯಸ್ಸಲ್ಲೂ!" ಎಂದು ಒಬ್ಬ ಬೆನ್ನು ತಟ್ಟಿದ.

ಬೇಟೆಯ ತಯಾರಿಯನ್ನೇ ಹೊಗಳುತ್ತಿದ್ದಾರೆಂದು ಪಾವಿಯಾ ಉಬ್ಬಿದ. "ಸುಮ್ನೆ ಆಯ್ತಾ? ಚಳಿಗಾಲ ಪೂರ್ತಿ ಕಷ್ಟಪಟ್ಟಿದೀನಿ!"

ಮನೆ ಹಾರಿಹೋಗುವಂತೆ ಎಲ್ಲರೂ ನಕ್ಕರು. ಅಜ್ಜಿ ಕಣ್ಣೊರೆಸಿಕೊಂಡಳು. ಪಾವಿಯಾನಿಗೆ ತಲೆಬುಡ ತಿಳಿಯಲಿಲ್ಲ.

ಕೊನೆಗೆ ಬಂದ ಎನೊಕ್ ಕೊನೆಯ ಪ್ಯಾಕೆಟ್ಟನ್ನು ತಾನೇ ಕೈಯಾರೆ ಒಡೆದು, ಕಾಫಿ ಕುಡಿದು, "ತುಂಬಾ ಖುಷಿಯಾಯ್ತು ಭಾವ" ಎಂದು ಹೊರಟುಹೋದ.

ಸಂಜೆ ಮೀನು ಕಾರ್ಖಾನೆಯಿಂದ ಹೆಂಡತಿ ನಿವಿ ಬಂದಾಗ ಪಾವಿಯಾ ತಲೆಯ ಮೇಲೆ ಕೈಹೊತ್ತು ಕೂತಿದ್ದ.

"ಕಾಫಿಯೆಲ್ಲ ಖಾಲಿ ಕಣೇ! ಊರಿಗೆ ಹುಚ್ಚು ಹಿಡಿದಿದೆ!"

ನಿವಿ ಮೂಲೆಯಲ್ಲಿದ್ದ ಒಂದು ಪೊಟ್ಟಣ ಬಿಚ್ಚಿದಳು. ಅಂಗೈಯಗಲದ ಸೀಲ್ ಚರ್ಮದ ಬೂಟು. ಇನ್ನೊಂದರಲ್ಲಿ ಉಣ್ಣೆಯ ಪುಟ್ಟ ಟೋಪಿ.

"ನಾನು ನರ್ಸಮ್ಮನ ಹತ್ರ ಹೋಗಿಬರೋದನ್ನ ಊರೇ ನೋಡಿದೆ, ನಿನ್ನೊಬ್ಬನ್ನ ಬಿಟ್ಟು. ಇವತ್ತು ಹೇಳೋಣ ಅಂತಿದ್ದೆ."

ದೊಡ್ಡ ಮಗಳಿಗೆ ಮದುವೆ ಮಾಡುವ ವಯಸ್ಸಿನಲ್ಲಿ! ಪಾವಿಯಾನಿಗೆ ನಗು, ಅಳು ಒಟ್ಟಿಗೇ ಬಂದವು. ಹೆಂಡತಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದ. "ಕಾಫಿ ಹಾಳಾಗಿ ಹೋಗ್ಲಿ! ನಾಯಿಬಂಡಿ ಕಟ್ಟಿ ಪಕ್ಕದೂರಿಂದ ತರ್ತೀನಿ!"

"ಬೇಡಪ್ಪಾ! ಆ ವಾಸನೆಗೇ ನಂಗೆ ವಾಂತಿ ಬರುತ್ತೆ. ಈ ಸಲ ನಮ್ಮ ಡೇರೇಲಿ ಕಾಫಿ ಕಾಯಿಸೋ ಹಾಗಿಲ್ಲ," ಎಂದಳು ನಿವಿ. "ನೀನೇನೂ ಯೋಚ್ನೆ ಮಾಡ್ಬೇಡ. ದಾರೀಲಿ ಎನೊಕ್ ಸಿಕ್ಕಿದ್ದ. ದಿನಾ ಬೆಳಗ್ಗೆ ಲೋಟ ತಗೊಂಡು ಬರೋಕೆ ಹೇಳಿದಾನೆ."