ಬಾಂಗ್ ಅಜ್ಜನ ಬಾಗಿಲಿಗೆ ಕೆಂಪು ಗಿಯೊಕ್

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಫ್ರಿಜ್ಜಿಗೆ ಅಂಟುವ ಹದಿನಾಲ್ಕು ಅಯಸ್ಕಾಂತದ ಕೊರಿಯನ್ ಅಕ್ಷರಗಳು. ಕೊಕ್ಕೆಯಂತೆ ಬಾಗಿದ ಮೊದಲನೆಯ ಗಿಯೊಕ್‌ನಿಂದ ಕೊನೆಯ ಹಿಯುತ್‌ವರೆಗೆ ಒಂದೊಂದೂ ಅಂಗೈಯಗಲ. 803ನೇ ಮನೆಯ ಮನ್‌ಹೋ ಅವನ್ನು ತಂದದ್ದು ಮಗಳ ಮೇಲಿನ ಪ್ರೀತಿಗೆ ಎಂದರೆ ಅರ್ಧ ನಿಜ. ಉಳಿದರ್ಧ ಅತ್ತೆಯ ಭಯ.

ತಿಂಗಳ ಹಿಂದೆ ಅತ್ತೆ ದೇಗುವಿನಿಂದ ಫೋನು ಮಾಡಿದ್ದರು.

"ಅಳಿಯಂದ್ರೇ, ಬೊಮಿಗೆ ಆರು ತುಂಬ್ತಾ ಬಂತು. ಇನ್ನೂ ಗಿಯೊಕ್ ತೋರ್ಸಿದ್ರೆ ಕೊಕ್ಕೆ ಅಂತಾಳೆ. ಟ್ಯೂಷನ್ನಿಗಾದ್ರೂ ಹಾಕ್ರೀ."

"ಯಾಕತ್ತೆ ಟ್ಯೂಷನ್ನು? ಮನೇಲೇ ಆಟ ಆಡಿಸ್ತಾ ಕಲಿಸ್ತೀನಿ!"

"ಸರಿ, ಒಂದು ತಿಂಗಳು. ನಾನು ಬಂದಾಗ ಮಗು ನಾಲ್ಕು ಸಾಲು ಓದಿದ್ರೆ ಊಟ ಮಾಡ್ಕೊಂಡು ಅವತ್ತೇ ವಾಪಸ್. ಓದ್ಲಿಲ್ಲ ಅಂದ್ರೆ ಅಲ್ಲೇ ಇದ್ದು ನಾನೇ ಕಲಿಸ್ತೀನಿ. ಪೆಟ್ಟಿಗೆ ತುಂಬ್ಕೊಂಡೇ ಬರ್ತೀನಿ."

ಮನ್‌ಹೋಗೆ ಆ ಪೆಟ್ಟಿಗೆ ಕನಸಲ್ಲೂ ಬರತೊಡಗಿತು. ಅಕ್ಕಿ ಹಿಟ್ಟಿನ ಕಡುಬಿನಲ್ಲಿ ಅಕ್ಷರ ಮಾಡಿಕೊಟ್ಟ. ಬೊಮಿ ಹೆಸರು ಹೇಳುವ ಮೊದಲೇ ನುಂಗಿದಳು. ಬಚ್ಚಲಲ್ಲಿ ಸೋಪಿನ ನೊರೆಯಲ್ಲಿ ಬರೆಸಿದ. ಕಣ್ಣುರಿ ಬಂದದ್ದೊಂದೇ ಲಾಭ. ಹೀಗೇ ತಿಂಗಳು ಕಳೆದು ಶನಿವಾರ ಬಂತು. ಹೆಂಡತಿ ಯೋಂಜು ಅಮ್ಮನನ್ನು ಕರೆತರಲು ಸ್ಟೇಷನ್ನಿಗೆ ಹೊರಟಳು. ಉಳಿದಿರುವುದು ಮೂರೇ ಗಂಟೆ.

ಮನ್‌ಹೋ ನೆಲದ ಮೇಲೆ ಬಣ್ಣದ ಟೇಪಿನಲ್ಲಿ ಅಕ್ಷರ ಅಂಟಿಸಿದ. "ನಾನು ಹೇಳಿದ್ದರ ಮೇಲೆ ನೆಗೀಬೇಕು. ನೋಡು, ಹೀಗೆ!" ಎಂದು ತಾನೇ ನೆಗೆದ. ಬೊಮಿ ಸೋಫಾದಲ್ಲಿ ಕೂತು ಚಪ್ಪಾಳೆ ತಟ್ಟಿದಳು. ಐದನೇ ಅಕ್ಷರಕ್ಕೆ ಇಂಟರ್‌ಕಾಮ್ ಕಿರುಚಿತು. ಗೇಟಿನ ಕಾವಲುಗಾರ.

"ಬೊಮಿ ಅಪ್ಪಾ, ಮೇಲ್ಗಡೆ ಆನೆ ಸಾಕಿದೀರಾ ಅಂತ 703ರ ಬಾಂಗ್ ಅಜ್ಜ ಕೇಳ್ತಿದಾರೆ."

ಮನ್‌ಹೋಗೆ ನೆತ್ತಿ ಕಾದಿತು. ಈ ಬಾಂಗ್ ಅಜ್ಜ ತಿಂಗಳಿಂದ ದಿನಕ್ಕೊಂದು ದೂರಿನ ಚೀಟಿ ಬರೆದು ಇವನ ಬಾಗಿಲಿಗೆ ಅಂಟಿಸುತ್ತಿದ್ದರು. ಕಣ್ಣು ಮಂಜಾದ್ದರಿಂದ ಒಂದೊಂದು ಅಕ್ಷರವೂ ಬದನೆಕಾಯಿ ಗಾತ್ರ. "ಮೇಲಿನ ಮನೆಯವರೇ" ಎಂಬಲ್ಲಿಗೇ ರೇಗಿ ಮನ್‌ಹೋ ಅದನ್ನು ಕಿತ್ತು ಮೂಲೆಗೆ ಎಸೆಯುತ್ತಿದ್ದ. ಒಂದನ್ನೂ ಪೂರ್ತಿ ಓದಿದವನಲ್ಲ.

"ಆನೆ ಅಲ್ಲ ಕಣ್ರೀ, ಅಕ್ಷರ! ನನ್ನ ಮನೆ, ನನ್ನ ಮಗು, ನನ್ನ ನೆಲ!"

"ನಿಮ್ಮ ನೆಲ ಅವರ ಸೂರಲ್ವಾ ಸಾರ್?"

"ಒಂದು ನಿಮಿಷ ಇರಿ, ನಿಮಗೆ ಹೇಳ್ತೀನಿ." ಮನ್‌ಹೋ ಅಯಸ್ಕಾಂತದ ಪೊಟ್ಟಣವನ್ನು ಮಗಳ ಕೈಗಿತ್ತ. "ಪುಟ್ಟೀ, ಈಗ ಪೋಸ್ಟ್‌ಮ್ಯಾನ್ ಆಟ. ಒಂದೊಂದು ಅಕ್ಷರಕ್ಕೂ ಒಂದೊಂದು ಮನೆ ಹುಡುಕಿ ಅಂಟಿಸಿ ಬಾ. ಸದ್ದು ಮಾಡ್ಬೇಡ." ಫ್ರಿಜ್ಜು, ವಾಷಿಂಗ್ ಮೆಷಿನ್ನು ಅವನ ಲೆಕ್ಕ. ಹೇಳಿದವನೇ ಇಂಟರ್‌ಕಾಮಿಗೆ ತಿರುಗಿ ಅರ್ಧ ಗಂಟೆ ನ್ಯಾಯ ಕೇಳಿದ.

ಫೋನು ಕುಕ್ಕಿ ಉಸಿರು ಬಿಡುವಷ್ಟರಲ್ಲಿ ಸೂರಿನ ಸ್ಪೀಕರ್ ಗೊರಗುಟ್ಟಿತು. "ನಿವಾಸಿಗಳ ಗಮನಕ್ಕೆ! ಆರು, ಏಳು, ಎಂಟನೇ ಮಹಡಿಯ ಕಬ್ಬಿಣದ ಬಾಗಿಲುಗಳ ಮೇಲೆ ಅನುಮಾನದ ಗುರುತುಗಳು ಕಂಡಿವೆ. ಎಚ್ಚರವಾಗಿರಿ!"

ಯಾವ ಮನೆಗೆ ನುಗ್ಗಬೇಕೆಂದು ಕಳ್ಳರು ಮೊದಲೇ ಬಂದು ಬಾಗಿಲಿಗೆ ಗುರುತು ಹಾಕಿ ಹೋಗುತ್ತಾರೆ ಎಂಬುದು ಆ ಕಟ್ಟಡದಲ್ಲಿ ಹಾಲುಗಲ್ಲದ ಮಗುವಿಗೂ ಗೊತ್ತು. ಮನ್‌ಹೋ ಚಪ್ಪಲಿ ಮೆಟ್ಟಿ ಹೊರಗೆ ಹಾರಿದ. ಪಡಸಾಲೆ ತುಂಬ ಜನ.

"ಯಾವನ್ರೀ ಅವನು? ಮಕ್ಕಳಿರೋ ಜಾಗ ಇದು! ಕೈಗೆ ಸಿಕ್ಲಿ, ಸೊಂಟ ಮುರೀತೀನಿ!"

"ಭೇಷ್, ಗಂಡ್ಸು ಅಂದ್ರೆ ಹೀಗಿರ್ಬೇಕು," ಎಂದರು ಹೆಂಗಸರ ಸಂಘದ ಅಧ್ಯಕ್ಷೆ ಹ್ವಾಂಗ್. "ಇಲ್ನೋಡಿ, ಬೆರಳಚ್ಚು ಅಳಿಸ್ಬಾರ್ದು ಅಂತ ಕವರಿಗೆ ಹಾಕಿದೀನಿ."

ಕವರಿನೊಳಗೆ ಕೆಂಪು ಗಿಯೊಕ್. ಮನ್‌ಹೋನ ನಾಲಗೆ ಒಣಗಿದ ಸೀಗಡಿಯಾಯಿತು.

"ಅದು ನನ್ನ ಬಾಗಿಲದು," ಎಂದರು ಏಳನೇ ಮಹಡಿಯಿಂದ ಹತ್ತಿ ಬಂದಿದ್ದ ಬಾಂಗ್ ಅಜ್ಜ. "ಇದು ಕದಿಯೋ ಸರದಿ. ಮೊದಲ ಅಕ್ಷರ ನಂಗೆ. ಅಂದ್ರೆ ಮೊದಲು ನಮ್ಮನೇನೇ!" ದನಿಯಲ್ಲಿ ಭಯಕ್ಕಿಂತ ಗತ್ತೇ ಹೆಚ್ಚಿತ್ತು.

"ನಂಗೆ ಕೊನೇ ಅಕ್ಷರ ಕೊಟ್ಟಿದಾನಲ್ಲ!" ಹ್ವಾಂಗ್ ಸಿಡಿದರು. "ನಮ್ಮನೇಲಿ ಕದಿಯೋಕೆ ಏನೂ ಇಲ್ಲ ಅಂದ್ಕೊಂಡಿದಾನಾ ಆ ಮುಠ್ಠಾಳ? ಹೋದ್ತಿಂಗ್ಳು ತಾನೇ ಟೀವಿ ತಗೊಂಡಿದೀವಿ!"

ಬಾಂಗ್ ಅಜ್ಜ ಕನ್ನಡಕ ಏರಿಸಿ ಅತ್ತಿತ್ತ ನೋಡಿದರು. "ಹದಿನಾಲ್ಕು ಬಾಗಿಲಿಗಿದೆ. 803ಕ್ಕೆ ಮಾತ್ರ ಇಲ್ಲ. ಯಾಕೆ ಬೊಮಿ ಅಪ್ಪಾ?"

ಎಲ್ಲರ ಕಣ್ಣೂ ಇವನ ಮೇಲೆ. ಹ್ವಾಂಗ್ ಎರಡು ಹೆಜ್ಜೆ ಹಿಂದೆ ಸರಿದರು. "ಪೊಲೀಸರಿಗೆ ಫೋನ್ ಮಾಡ್ಲಾ?"

"ಏನ್ರೀ ಹಂಗಂದ್ರೆ! ನಾನು ಕಳ್ಳನಾ? ಮರ್ಯಾದಸ್ಥ ರೀ ನಾನು!" ಎಂದು ಮನ್‌ಹೋ ಎದೆ ಉಬ್ಬಿಸಿದ್ದೇ ತಡ, ಬೊಮಿ ಖಾಲಿ ಪೊಟ್ಟಣ ಅಲ್ಲಾಡಿಸುತ್ತ ಬಂದಳು.

"ಅಪ್ಪಾ, ಎಲ್ಲಾ ಮನೆಗೂ ಮುಟ್ಟಿಸ್ದೆ! ನಮ್ಮನೆಗೇ ಉಳೀಲಿಲ್ಲ."

ಆಮೇಲಿನದು ಬರೀ ಸೊಂಟದ ಕೆಲಸ. ಹದಿನಾಲ್ಕು ಮನೆಗೆ ಹದಿನಾಲ್ಕು ಸಲ ಬಗ್ಗಿ ಕ್ಷಮೆ. ಮಗುವಿಗೆ ಅಕ್ಷರ ಕಲಿಸುವುದು ಈ ದೇಶದಲ್ಲಿ ಯಾವಾಗಿನಿಂದ ಅಪರಾಧವಾಯಿತು ಎಂದು ಪ್ರತಿ ಸಲ ಬಗ್ಗಿದಾಗಲೂ ನೆಲಕ್ಕೇ ಗೊಣಗಿದ. ಕೊನೆಯದಾಗಿ ಬಾಂಗ್ ಅಜ್ಜನ ಮುಂದೆ ಮಡಚಿಕೊಂಡಿದ್ದಾಗ ಲಿಫ್ಟಿನ ಬಾಗಿಲು ತೆರೆಯಿತು. ಯೋಂಜು. ಅವಳ ಹಿಂದೆ ಅತ್ತೆ. ಅತ್ತೆಯ ಹಿಂದೆ ಪೆಟ್ಟಿಗೆ.

"ಏನ್ ಅಳಿಯಂದ್ರೇ, ನೆಲದ ಮೇಲೆ ಏನಾದ್ರೂ ಬಿತ್ತಾ?" ಅತ್ತೆ ಪೆಟ್ಟಿಗೆಯನ್ನು ಲಿಫ್ಟಿನ ಬಳಿಯೇ ನಿಲ್ಲಿಸಿದರು. "ಅದು ಅಲ್ಲೇ ಇರ್ಲಿ. ಮೊದ್ಲು ಮಗು ಓದ್ಲಿ." ಚೀಲದಿಂದ ಬಾತುಕೋಳಿಯ ಚಿತ್ರವಿದ್ದ ಪುಸ್ತಕ ತೆಗೆದರು.

ಬೊಮಿ ಪುಸ್ತಕ ನೋಡಿದಳು. ಸೂರು ನೋಡಿದಳು. "ಇದು ಬೇಜಾರು," ಎಂದಳು.

ಅತ್ತೆ ಪೆಟ್ಟಿಗೆಯ ಹಿಡಿಗೆ ಕೈಹಾಕಿದರು.

"ಪುಟ್ಟೀ, ಒಂದೇ ಒಂದಕ್ಷರ!" ಮನ್‌ಹೋ ಗೋಗರೆದ.

"ನಂದು ತರ್ತೀನಿ!" ಬೊಮಿ ಒಳಗೋಡಿ ಬಿಸ್ಕತ್ತಿನ ಡಬ್ಬಿ ತಂದಳು. ಒಳಗೆ ನೀಟಾಗಿ ಮಡಚಿಟ್ಟ ಕಾಗದಗಳು. ಮೇಲಿನದನ್ನು ಬಿಡಿಸಿ, ಬೆರಳಿಟ್ಟು, ಗಂಟೆ ಹೊಡೆದಂತೆ ಓದಿದಳು:

"ಮೇಲಿನ ಮನೆಯವರೇ. ಮಗು ಕುಣಿದರೆ ನನಗೆ ಬೇಸರವಿಲ್ಲ."

ಮನ್‌ಹೋಗೆ ಕಿವಿ ನಂಬಲಾಗಲಿಲ್ಲ. ಓದುತ್ತಿದ್ದಾಳೆ! ಎರಡು ಸಾಲು!

"ಲಿಫ್ಟಲ್ಲಿ ಸಿಕ್ಕಿದಾಗೆಲ್ಲ ಅಜ್ಜ ಹೇಳ್ಕೊಡ್ತಾರೆ," ಎಂದಳು ಬೊಮಿ.

"ನಿಮ್ಮಪ್ಪಂಗೆ ಓದಿ ಹೇಳ್ಲಿ ಅಂತ ಹೇಳ್ಕೊಟ್ಟಿದ್ದು," ಬಾಂಗ್ ಅಜ್ಜ ಗೊಣಗಿದರು.

ಯಾರಾದರೂ ಕಲಿಸಿರಲಿ! ಮನ್‌ಹೋ ಕುಣಿದಾಡಿದ. "ಕೇಳಿದ್ರಾ ಅತ್ತೆ? ಓದು ಪುಟ್ಟೀ, ಪೂರ್ತಿ ಓದು, ಜೋರಾಗಿ!"

ಬೊಮಿ ಜೋರಾಗಿಯೇ ಓದಿದಳು. "ಹಿಮ್ಮಡಿ ಕುಟ್ಟಿಕೊಂಡು ನಡೆಯುವುದು ಮಗುವಿನ ಅಪ್ಪ. ಹೇಳಿದರೆ ಜಗಳಕ್ಕೆ ಬರುತ್ತಾರೆ. ಆ ಮನೆಯಲ್ಲಿ ಬುದ್ಧಿ ಹೇಳಲು ಹಿರಿಯರೊಬ್ಬರೂ ಇಲ್ಲವೇ?"



ಅತ್ತೆ ಪೆಟ್ಟಿಗೆಯನ್ನು ಗರಗರನೆ ಎಳೆದುಕೊಂಡು ಬಂದು 803ರ ಹೊಸಿಲು ದಾಟಿಸಿದರು. ಚಪ್ಪಲಿ ಬಿಚ್ಚಿ ಓರಣವಾಗಿ ಜೋಡಿಸಿ ಹೊರಗೆ ತಲೆ ಹಾಕಿದರು.

"ಬೊಮೀ, ಅಜ್ಜನ ಹತ್ರ ಪೆನ್ನು ಇಸ್ಕೊಂಡು ಅದರ ಕೆಳಗೇ ಬರಿ ಮರಿ. ಇವತ್ತಿಂದ ಇದ್ದಾರೆ ಅಂತ."