ತೊಳೆದು ಕಳಿಸಿದ ಮಣ್ಣಿನ ವಿಚಾರವಾಗಿ ಫರ್ನೇಸ್ ಅವರಿಗೊಂದು ಅಹವಾಲು

ಮಣ್ಣು ಪರೀಕ್ಷಾ ಕೇಂದ್ರದ ಎರಡನೇ ಕೋಣೆಯಲ್ಲಿ, ಕಿಟಕಿಯ ಪಕ್ಕ, ಸದಾ ಕೆಂಪಗೆ ಕಾದು ವಿರಾಜಮಾನರಾಗಿರುವ ವಿದ್ಯುತ್ ಕುಲುಮೆ, ಮಾನ್ಯ ಫರ್ನೇಸ್ ಅವರೇ,

ತಮ್ಮ ಒಡಲ ಬೆಂಕಿ ಆರದಿರಲಿ, ಕರೆಂಟು ಕೈಕೊಡದಿರಲಿ, ತಮ್ಮ ಬಾಗಿಲು ಮುಟ್ಟಿ ಯಾರೂ ಬೆರಳು ಸುಟ್ಟುಕೊಳ್ಳದಿರಲಿ ಎಂದು ಹಾರೈಸುತ್ತಾ, ಒಂಬತ್ತನೇ ತರಗತಿಯ ಬೆಂಚಿನ ಮೇಲೆ ಕೂರಲಾರದೆ ಎದ್ದು ಬಂದು ದೊಡ್ಡಮ್ಮನ ಹೊಲ ಸೇರಿಕೊಂಡಿರುವ ನಾನು ಈ ಬಹಿರಂಗ ಪತ್ರವನ್ನು ವಿನಯದಿಂದ ಬರೆಯುತ್ತಿದ್ದೇನೆ.

ಮೊದಲಿಗೆ ತಮ್ಮ ಗುಣಗಾನ. ಒಂದು ವಸ್ತು ಇದೆಯೋ ಇಲ್ಲವೋ ಎಂದು ತಿಳಿಯಲು ಲೋಕದ ಜನ ಅದನ್ನು ಹುಡುಕುತ್ತಾರೆ, ತಾವು ಸುಡುತ್ತೀರಿ. ಒಣಗಿದ ಮಣ್ಣನ್ನು ಪಿಂಗಾಣಿ ಬಟ್ಟಲಲ್ಲಿ ತೂಗಿ ತಮ್ಮ ಬಾಯಿಗಿಟ್ಟರೆ, ಎಲೆ, ಬೇರು, ಸಗಣಿ, ಸತ್ತ ಹುಳ ಎಲ್ಲವೂ ಕೊಳೆತು ಮಣ್ಣಲ್ಲಿ ಸೇರಿದ್ದ ಕಪ್ಪು ಸಾರವೆಲ್ಲ ಹೊಗೆಯಾಗಿ ಹೋಗುತ್ತದೆ. ಆಮೇಲೆ ಮತ್ತೆ ತೂಗಿ, ಎಷ್ಟು ಕಡಿಮೆಯಾಯಿತೋ ಅಷ್ಟು ಮಣ್ಣಿನ ಸಾವಯವ ಅಂಶ ಎಂದು ಶಾಯಿಯಲ್ಲಿ ಬರೆದುಕೊಡುತ್ತಾರೆ. ಹೊಗೆಯಾಗಿ ಹೋದದ್ದನ್ನೇ ಆಸ್ತಿ ಎಂದು ದಾಖಲಿಸುವ ಇಂಥ ಉದಾರ ಕಚೇರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗ ನನ್ನ ದೂರು. ಐದು ವರ್ಷದ ಹಿಂದೆ, ಹೆಂಚಿನಂತೆ ಗಟ್ಟಿಯಾಗಿದ್ದ ಈ ಹೊಲವನ್ನು ದೊಡ್ಡಮ್ಮನಿಗೆ ಗುತ್ತಿಗೆಗೆ ಕೊಡುವಾಗ ಮಾಲೀಕರು ಒಂದು ಷರತ್ತು ಹಾಕಿದ್ದರು: ಐದು ವರ್ಷದಲ್ಲಿ ಸಾವಯವ ಅಂಶ ಶೇಕಡಾ ಎರಡು ದಾಟಿದರೆ ಇನ್ನು ಹತ್ತು ವರ್ಷ ಉಳುಮೆ ಮಾಡಬಹುದು, ದಾಟದಿದ್ದರೆ ಹೊಲ ಬಿಡಬೇಕು. ಅಂದಿನಿಂದ ದೊಡ್ಡಮ್ಮ ಗೊಬ್ಬರ ಹೊತ್ತದ್ದು, ಸೊಪ್ಪು ಮುಚ್ಚಿದ್ದು, ಒಣ ಹುಲ್ಲಿಗೆ ಬೆಂಕಿ ಹಾಕಬಂದವರನ್ನು ಪೊರಕೆ ಹಿಡಿದು ಅಟ್ಟಿದ್ದು ಎಲ್ಲಕ್ಕೂ ನಾನೇ ಸಾಕ್ಷಿ. ಅವಧಿ ಮುಗಿಯುತ್ತಾ ಬಂತೆಂದು, ದೊಡ್ಡಮ್ಮ ಕಟ್ಟಿಕೊಟ್ಟ ಮಣ್ಣಿನ ಪೊಟ್ಟಣವನ್ನು ಹೋದ ತಿಂಗಳು ತಂದುಕೊಟ್ಟರೆ, ತಾವು ದಯಪಾಲಿಸಿದ್ದು ಸೊನ್ನೆ ಪಾಯಿಂಟ್ ಒಂಬತ್ತು. ಅಂದು ದೊಡ್ಡಮ್ಮ ಊಟ ಬಿಟ್ಟು ಮನೆಯ ಪಾತ್ರೆಗಳನ್ನೆಲ್ಲ ಎರಡೆರಡು ಸಲ ಉಜ್ಜಿದಳು. ದುಃಖವಾದರೂ ಸಂತೋಷವಾದರೂ ಆಕೆ ಏನನ್ನಾದರೂ ತೊಳೆಯಲೇಬೇಕು.

ತಮ್ಮನ್ನು ಚೆನ್ನಾಗಿ ಬೈದು ಬರೆಯೋಣವೆಂದು ಮನೆ ಬಾಗಿಲಲ್ಲಿ ಕೂತಾಗ ಪಕ್ಕದ ಕುಂಡದ ಮೆಣಸಿನ ಗಿಡ ಕಣ್ಣಿಗೆ ಬಿತ್ತು. ತಿಂಗಳ ಹಿಂದೆ ಕಡ್ಡಿಯಂತಿದ್ದ ಗಿಡ ಮೈಕೈ ತುಂಬಿಕೊಂಡು ನಿಂತಿತ್ತು. ಇದೇನೆಂದು ಕೇಳಿದರೆ ದೊಡ್ಡಮ್ಮ ಹೆಮ್ಮೆಯಿಂದ, "ಆಫೀಸಿಗೆ ಹೋಗೋ ಮಣ್ಣು ಕಣೋ, ಕೊಳಕಾಗಿ ಕಳಿಸೋಕಾಗತ್ತಾ? ನಾಲ್ಕು ನೀರು ಹಾಕಿ ತೊಳೆದು ಒಣಗಿಸಿದೆ. ಏನು ಕಪ್ಪು ಬಂತು ಅಂತೀಯಾ! ಆ ನೀರು ಸುಮ್ನೆ ಯಾಕೆ ಹಾಳು ಮಾಡೋದು ಅಂತ ಕುಂಡಕ್ಕೆ ಸುರಿದೆ" ಎಂದಳು. ಐದು ವರ್ಷದ ದುಡಿಮೆ ಮೆಣಸಿನ ಗಿಡದ ಹೊಟ್ಟೆ ಸೇರಿತ್ತು. ಪೊಟ್ಟಣ ಬಿಚ್ಚಿ ನೋಡದೆ ತಂದುಕೊಟ್ಟ ತಪ್ಪು ನನ್ನದು. ಹೀಗೆ ನನ್ನ ದೂರಿಗೆ ಆಧಾರವೇ ಇಲ್ಲದಂತಾಯಿತು. ಆದರೂ ಅರ್ಧಕ್ಕೆ ಬಿಟ್ಟದ್ದು ಶಾಲೆಯೊಂದೇ ಸಾಕೆಂದು ಪತ್ರವನ್ನು ಮುಂದುವರಿಸುತ್ತಿದ್ದೇನೆ.

ಮರುಪರೀಕ್ಷೆ ಕೇಳಲು ಬಂದಾಗ ತಮಗೆ ಬಟ್ಟಲು ಉಣಿಸುವ ಕನ್ನಡಕದಣ್ಣ ನನ್ನ ಕಿವಿಯಲ್ಲಿ, "ಗೊಬ್ಬರದ ಗುಂಡಿ ಪಕ್ಕದಿಂದ ಒಂದು ಬೊಗಸೆ ತಗೊಂಡ್ ಬಾ ತಮ್ಮಾ, ಎಲ್ರೂ ಮಾಡೋದು ಅದನ್ನೇ" ಎಂದರು. ನಾನು ಆ ಮಾತು ಕೇಳದೆ, ಹೊಲದ ತುಂಬ ಅಂಕುಡೊಂಕಾಗಿ ನಡೆದು ಒಂಬತ್ತು ಕಡೆ ಅರ್ಧರ್ಧ ಅಡಿ ಅಗೆದು, ಆ ಮಣ್ಣನ್ನೆಲ್ಲ ಬೆರೆಸಿ ತೊಳೆಯದೆ ತಂದುಕೊಟ್ಟೆ. ನೀರು ನಿಂತು ಕಳೆಯೂ ಹುಟ್ಟದ ಮೂಲೆಯನ್ನೂ ಬಿಡಲಿಲ್ಲ, ಅದೂ ನಮ್ಮ ಹೊಲವೇ ತಾನೇ. "ಆ ಮೂಲೆ ಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ದೊಡ್ಡಮ್ಮ ಮೂರು ದಿನ ಮುಖ ತಿರುಗಿಸಿಕೊಂಡಿದ್ದಳು.

ಇನ್ನು ನನ್ನ ಸಣ್ಣಪುಟ್ಟ ಕೋರಿಕೆಗಳು. ಮುಂದಿನ ಸಲ ಸುಡುವ ಮುಂಚೆ ಮಣ್ಣನ್ನು ಒಮ್ಮೆ ಮೂಸಿ ನೋಡುವ ಕೃಪೆ ಮಾಡಬೇಕು. ಮೂಗಿಲ್ಲದಿದ್ದರೆ ಒಂದನ್ನು ಮಂಜೂರು ಮಾಡಿಸಿಕೊಳ್ಳಬೇಕು. ಎರೆಹುಳುಗಳನ್ನು ಕರೆಸಿ ಅವುಗಳ ಅಭಿಪ್ರಾಯವನ್ನೂ ಲಗತ್ತಿಸಬೇಕು. ಹೋದ ಹೊಗೆಯಲ್ಲಿ ಸೊಪ್ಪಿನದೆಷ್ಟು, ದೊಡ್ಡಮ್ಮನ ಸೊಂಟನೋವಿನದೆಷ್ಟು ಎಂದು ಬೇರೆಬೇರೆ ತೂಗಿ ತಿಳಿಸಬೇಕು. ಸಾಧ್ಯವಾದರೆ ಆ ಹೊಗೆಯನ್ನು ಚೀಲದಲ್ಲಿ ಕಟ್ಟಿ ವಾಪಸು ಕಳಿಸಬೇಕು, ಮೂಲೆಗೆ ಹಾಕಿಕೊಳ್ಳುತ್ತೇವೆ.

ತಮ್ಮ ಬಿಸಿಯಿಂದ ನಾಲ್ಕು ಮಾರು ದೂರ ನಿಂತು ಕೈಮುಗಿಯುವ,
ತಮ್ಮ ವಿಶ್ವಾಸಿ,
ಮೂಲೆಯ ಮಣ್ಣನ್ನೂ ಬಿಡದವನು

ವಿ.ಸೂ.: ಪತ್ರ ಮುಗಿಸುವಷ್ಟರಲ್ಲಿ ತಮ್ಮ ಎರಡನೇ ವರದಿ ಕೈಸೇರಿತು: ಎರಡು ಪಾಯಿಂಟ್ ಒಂದು. ಮೂಲೆಯನ್ನೂ ಸೇರಿಸಿ! ದೊಡ್ಡಮ್ಮ ಕುಣಿದಾಡಿದಳು, ಸೋಮವಾರ ಮಾಲೀಕರು ಮುಟ್ಟಿ ನೋಡುವ ಕಾಗದವೆಂದು, ಅದರ ಮೇಲಿದ್ದ ನನ್ನ ಮಣ್ಣುಬೆರಳಿನ ಗುರುತನ್ನು ಒದ್ದೆ ಬಟ್ಟೆಯಿಂದ ಒರೆಸಿಯೂಬಿಟ್ಟಳು. ಈಗ ಕಾಗದ ಬಹಳ ಸ್ವಚ್ಛವಾಗಿದೆ, ಅಂಕಿಯೂ ಇಲ್ಲ. "ಗೊತ್ತಿರೋ ಅಂಕಿ ತಾನೇ, ನೀನೇ ಬರೆದ್ಬಿಡೋ" ಎನ್ನುತ್ತಿದ್ದಾಳೆ, ನಾನು ಬರೆಯುವುದಿಲ್ಲ. ಆದ್ದರಿಂದ ಇನ್ನೊಂದು ಪ್ರತಿಯನ್ನು ನಾಳೆಯೇ ಸಿದ್ಧವಿಡಿಸಬೇಕಾಗಿ ಪ್ರಾರ್ಥನೆ. ಒಯ್ಯಲು ನಾನೊಬ್ಬನೇ ಬರುತ್ತೇನೆ. ದೊಡ್ಡಮ್ಮನನ್ನು ಕರೆತರುವುದಿಲ್ಲ, ತಮ್ಮ ಹೊಟ್ಟೆಯೊಳಗಿನ ಬೂದಿ ಕಂಡರೆ ತಮ್ಮನ್ನೂ ನಾಲ್ಕು ನೀರು ಹಾಕಿ ತೊಳೆದಾಳು.