ನಾಲ್ಕೂ ಒಂದೇ ಉದ್ದ

ಅಷ್ಟೆಲ್ಲ ರಂಪ ಆದದ್ದು ಒಂದು ಗೇಣು ಪೈಪಿನಿಂದ.

ಕೊರಳಲ್ಲಿ ಸದಾ ಅಳತೆಪಟ್ಟಿ ನೇತಾಡುತ್ತಿದ್ದುದರಿಂದ ಗ್ಯಾರೇಜಿನವರೆಲ್ಲ ಅವನನ್ನು ಟೇಪ್‌ರಾಯ ಎನ್ನುತ್ತಿದ್ದರು. ಗ್ಯಾರೇಜು ಹೆಂಡತಿಯ ಅಪ್ಪನದು. ಅಂದು ಹಲ್ಲಿನ ಡಾಕ್ಟರಮ್ಮನ ಟರ್ಬೋ ಕಾರಿಗೆ ಹೊಸ ಹೆಡರ್ ಆಗಬೇಕಿತ್ತು. ಎಂದರೆ, ಇಂಜಿನ್ನಿನ ನಾಲ್ಕು ಬಾಯಿಗಳಿಂದ ಕಾರಿನ ಓಟ ಹೆಚ್ಚಿಸುವ ಟರ್ಬೋ ಚಕ್ರಕ್ಕೆ ಹೊಗೆ ಒಯ್ಯುವ ಪೈಪುಗಳ ಗೊಂಚಲು.

"ಅಳಿಯಂದ್ರೇ, ನಾಲ್ಕು ಮೋಟು ಪೈಪ್ ಅಂಟಿಸಿ ಕಳ್ಸಿಬಿಡಿ," ಎಂದರು ಮಾವ.

"ಆಗಲ್ಲ ಮಾವ. ನಾಲ್ಕೂ ಒಂದೇ ಉದ್ದ ಇರ್ಬೇಕು. ಹೊಗೆ ಸರದಿ ಪ್ರಕಾರ ಬಂದು ಟರ್ಬೋ ಚಕ್ರಕ್ಕೆ ಹೊಡೀಬೇಕು. ನೂಕುನುಗ್ಗಲಾದ್ರೆ ಕಾರು ಎಮ್ಮೆ ಥರ ಹೋಗುತ್ತೆ."

"ಹಾಗಾದ್ರೆ ಪಂಥ! ಸಂಜೆ ಐದಕ್ಕೆ ಗಾಡಿ ಹೊರಡ್ಲಿ. ಗೆದ್ರೆ ಡಿಸೈನ್ ಕೆಲಸ ನಿಮ್ದು, ಮೇಜೂ ಕೊಡ್ತೀನಿ. ಸೋತ್ರೆ ಸಾಯೋವರೆಗೂ ತೂತು ಸೈಲೆನ್ಸರಿಗೆ ತೇಪೆ!"

ಟೇಪ್‌ರಾಯ ತಕ್ಷಣ ಅಳತೆಪಟ್ಟಿ ಬಿಚ್ಚಿದ. ಆರು ವರ್ಷದಿಂದ ಹಳೇ ಟೈರಿನ ಮೇಲೆ ಕೂತು, ತೊಡೆಯ ಮೇಲೆ ಕಾಗದ ಇಟ್ಟು ನಕ್ಷೆ ಬರೆದವನಿಗೆ ಮೇಜೆಂದರೆ ಸಿಂಹಾಸನ.

ಮಧ್ಯಾಹ್ನ ಮೂರನೇ ಪೈಪು ಬಾನೆಟ್ಟಿಗೆ ತಗುಲಿತು. ತಗ್ಗಿಸಿದರೆ ಸ್ಟೀರಿಂಗ್ ರಾಡಿಗೆ ಒತ್ತಿತು. ಪಕ್ಕದ ಪಂಕ್ಚರ್ ಅಂಗಡಿಯವನು ಬಗ್ಗಿ ನೋಡಿ, "ಬೇಡ ಬಿಡಿ ರಾಯರೇ, ಮೋಟು ಪೈಪೇ ವಾಸಿ," ಎಂದು ಬಿಟ್ಟಿ ಬುದ್ಧಿ ಹೇಳಿಹೋದ. ಕೊಯ್ದು, ಬಗ್ಗಿಸಿ, ಅಳೆದು ನಾಲ್ಕು ಗಂಟೆಯಾಗುವಾಗ ಇದ್ದ ಪೈಪೆಲ್ಲ ಖಾಲಿ. ಕೊನೆಯದು ಇನ್ನೂ ಒಂದು ಗೇಣು ಗಿಡ್ಡ! ಪೈಪಿನಂಗಡಿಗೆ ರಜೆ.

ಗ್ಯಾರೇಜಿನ ಪೇಂಟರನ ಮೂಲೆಯಲ್ಲಿ ಹಸಿ ನೀಲಿ ಬಣ್ಣದ ನಾಲ್ಕು ಪೈಪುಗಳು ಗೋಡೆಗೊರಗಿದ್ದವು. ಟೇಪ್‌ರಾಯ ಒಂದಕ್ಕೆ ಕೈಹಾಕಿದ.

"ಅಯ್ಯೋ, ಅದನ್ನ ಮುಟ್ಬೇಡಿ! ಅದು..." ಎಂದು ಪೇಂಟರ್ ಓಡಿಬಂದ.

"ಬಾಯಿ ಮುಚ್ಚಿ! ಬೆಳಿಗ್ಗೆಯಿಂದ ಎಲ್ರದ್ದೂ ಇದೇ ಹಾಡು, ಬೇಡ, ಬೇಡ!"

ಪೇಂಟರ್ ಇನ್ನೂ ಏನೋ ಕೂಗುತ್ತಲೇ ಇದ್ದ. ಕಟಿಂಗ್ ಮಷೀನಿನ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ. ಟೇಪ್‌ರಾಯ ಒಂದು ಗೇಣು ಕೊಯ್ದು, ಬಣ್ಣ ಉಜ್ಜಿ ತೆಗೆದು ಬೆಸೆದೇಬಿಟ್ಟ.

ಐದಕ್ಕೆ ಸರಿಯಾಗಿ ಕಾರು ಗುಡುಗಿತು, ಟರ್ಬೋ ಸಿಳ್ಳೆ ಹಾಕಿತು. ಡಾಕ್ಟರಮ್ಮ ಒಂದು ಸುತ್ತು ಹೋಗಿಬಂದು, "ಬಾಣದ ಹಾಗೆ ಹೋಗುತ್ತೆ ರೀ!" ಎಂದು ಕೂಗಿ, ಅದೇ ಬಾಣದ ಹಾಗೆ ಮಾಯವಾದರು.

"ನಾನು ಸೋತೆ," ಎಂದರು ಮಾವ, ಯಾಕೋ ನಗುತ್ತ. "ನೀವು ಗೆಲ್ತೀರ ಅಂತ ಗೊತ್ತಿತ್ತು. ಹೇಗಿದ್ರೂ ಕೊಡ್ಲೇಬೇಕು ಅಂತ ನಿನ್ನೇನೇ ಮೇಜು ಮಾಡ್ಸಿಟ್ಟಿದ್ದೆ, ಕಾಲಿಗೆ ಬಣ್ಣ ಮಾತ್ರ ಇವತ್ತು. ಪೇಂಟರೇ, ಕಾಲು ಜೋಡಿಸಿ ತಗೊಂಬನ್ನಿ!"

ಮೇಜು ಬಂತು. ಮೂರು ಕಾಲು ನೀಳ, ನಾಲ್ಕನೆಯದು ಒಂದು ಗೇಣು ಮೋಟು. ಎಲ್ಲವೂ ಹಸಿ ನೀಲಿ.

ಮಾವ ಕಾಲನ್ನೂ ಅಳಿಯನನ್ನೂ ನೋಡಿದರು. "ನಾಲ್ಕೂ ಒಂದೇ ಉದ್ದ ಇರ್ಬೇಕು ಅಂದ ಹಾಗಿತ್ತು?"

ಟೇಪ್‌ರಾಯ ಸೋಲೊಪ್ಪುವ ಆಸಾಮಿಯಲ್ಲ. ಸರಸರ ಹೋಗಿ ತನ್ನ ಹಳೇ ಟೈರನ್ನು ಉರುಳಿಸಿ ತಂದು ಮೋಟುಕಾಲಿನ ಕೆಳಗೆ ತುರುಕಿದ. ಮೇಜು ಅಲ್ಲಾಡದೆ ನಿಂತಿತು.

"ನೋಡಿ ಮಾವ, ಈಗ ಒಂದೇ ಉದ್ದ!" ಎಂದು ಎದೆಯುಬ್ಬಿಸಿದ.

"ಭೇಷ್! ಇನ್ನು ಕೂತ್ಕೊಂಡು ಕೆಲಸ ಶುರುಮಾಡಿ."

ಟೇಪ್‌ರಾಯ ಗತ್ತಿನಿಂದ ಕೂರಲು ಬಗ್ಗಿ, ಹಿಂದೆ ಕೈಯಾಡಿಸಿ ಟೈರು ಹುಡುಕಿದ.